ಏಣಿಯಣ್ಣನ ಕೊನೆಯ ಗಿರಾಕಿ

ಬೇಕರಿಯವನ ಮಹಡಿ ಕಿಟಕಿಗೆ ಏಣಿಯಣ್ಣ ಬೇಕೆಂದೇ ಏಣಿಯ ತಲೆಯನ್ನು ಗುದ್ದಿದ. ಮೊದಲ ಏಟಿಗೆ ಗಾಜು ಬಿರುಕು ಬಿಟ್ಟಿತಷ್ಟೇ. ಹಾಳಾದ್ದು ಗಟ್ಟಿ ಗಾಜು. ಅವನು ಹಿಂದಕ್ಕೆ ಸರಿದು, ಟಗರು ಹಾಯುವ ಹಾಗೆ ಏಣಿಯನ್ನು ಮತ್ತೊಮ್ಮೆ ಹಾಯಿಸಿದ. ಈ ಸಲ ಗಾಜು ಸಿಡಿದು ಬೀದಿಗೆ ಉದುರಿತು, ಒಂದು ಚೂರು ಅವನ ಹುಬ್ಬನ್ನೇ ಸೀಳಿತು. ರಕ್ತ ಕಣ್ಣಿಗಿಳಿಯುತ್ತಿದ್ದರೂ ಒರೆಸಿಕೊಳ್ಳದೆ ನಿಂತ.

ಬೇಕರಿಯವನು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದ. ಒಡೆದ ಕಿಟಕಿ ನೋಡಿದ, ಏಣಿ ನೋಡಿದ, ಆಮೇಲೆ ಮಾತಿಗಿಂತ ಮೊದಲು ಕೈ ಎತ್ತಿದ. ಏಣಿಯಣ್ಣನ ಕೆನ್ನೆಯ ಮೇಲೆ ಐದೂ ಬೆರಳು ಬೆಳ್ಳಗೆ ಮೂಡಿದವು.

"ಕಣ್ಣೇನು ಕುರುಡಾ ನಿಂಗೆ? ಕೆಳಗೆ ನನ್ನ ಹೆಂಡ್ತಿ ನಿಂತಿದ್ರೆ ಏನ್ ಗತಿ?"

"ವಯಸ್ಸಾಯ್ತು ಸ್ವಾಮಿ, ಕೈ ನಡುಗುತ್ತೆ. ಇನ್ಮೇಲೆ ನನ್ನ ಅಳಿಯ ಬರ್ತಾನೆ ಬಿಡಿ. ಅವನಿಗೆ ಏಣಿ ಗೀಣಿ ಏನೂ ಬೇಡ, ಕೆಳಗೇ ನಿಂತು ಕೋಲಲ್ಲಿ ತೊಳೀತಾನೆ."

"ಅವನನ್ನೇ ಕಳ್ಸು. ನೀನು ಈ ಕಡೆ ತಲೆ ಹಾಕಿದ್ರೆ ಕಾಲು ಮುರಿದು ಕೈಗೆ ಕೊಡ್ತೀನಿ."

ಏಣಿಯಣ್ಣ ಎರಡೂ ಕೈ ಎತ್ತಿ ಮುಗಿದ. ಕೆನ್ನೆಗೆ ಏಟು ತಿಂದು ಕೈ ಮುಗಿಯುವವನನ್ನು ಕಂಡರೆ ತಲೆ ಕೆಟ್ಟಿದೆ ಅಂದುಕೊಳ್ಳುವುದು ಸಹಜ. ಅವನ ತಲೆ ಸರಿಯಾಗಿಯೇ ಇತ್ತು. ಬೇಕರಿಯವನು ಒಪ್ಪಿದನೆಂದರೆ ಇವತ್ತು ಮಗಳಿಗೆ ಏಟು ಬೀಳುವುದಿಲ್ಲ ಎಂಬುದಷ್ಟೇ ಆ ತಲೆಯಲ್ಲಿದ್ದ ವಿಷಯ.

ಅಳಿಯ ಎಲ್ಲಿಂದಲೋ ಬಂದವನಲ್ಲ. ಏಣಿಯಣ್ಣ ಮಹಡಿಗಳ ಮೇಲೆ ಸೋಪಿನ ನೀರು ಬಳಿದು, ರಬ್ಬರ್ ಪಟ್ಟಿಯಲ್ಲಿ ಸರ್ರನೆ ಎಳೆಯುತ್ತಿದ್ದ ಕಾಲದಲ್ಲಿ ಕೆಳಗೆ ಏಣಿಯ ಬುಡ ಹಿಡಿದು ನಿಲ್ಲುತ್ತಿದ್ದವನು. ಒಂದು ದಿನವೂ ಅವನ ಕೈ ಅಲುಗಿದ್ದಿಲ್ಲ. ನನ್ನ ಜೀವವನ್ನೇ ಹಿಡಿದುಕೊಂಡವನು ಮಗಳ ಕೈ ಹಿಡಿಯಲಾರನೇ ಎಂದು ಏಣಿಯಣ್ಣ ತಾನೇ ಮುಂದೆ ನಿಂತು ಮದುವೆ ಮಾಡಿದ. ಮಗಳನ್ನು ಒಂದು ಮಾತು ಕೇಳಿದ್ದನೋ ಇಲ್ಲವೋ ಅವನಿಗೇ ನೆನಪಿಲ್ಲ.

ಮದುವೆಯಾದ ಮೇಲೆ ಅಳಿಯ ಹತ್ತಿದ ಏಣಿಯನ್ನೇ ಒದ್ದ. ವ್ಯಾನು ತಂದ, ಅದರೊಳಗೆ ಟ್ಯಾಂಕು ಕೂರಿಸಿದ, ನೀರಿನ ಉಪ್ಪನ್ನೆಲ್ಲ ಹೀರಿಬಿಡುವ ಫಿಲ್ಟರು ಹಾಕಿಸಿದ. ಉದ್ದನೆಯ ಹಗುರ ಕೋಲು, ತುದಿಗೆ ಬ್ರಷ್ಷು, ಒಳಗೆ ಪೈಪು. ನೆಲದ ಮೇಲೆ ನಿಂತೇ ಮೂರನೇ ಮಹಡಿಯ ಗಾಜು ಉಜ್ಜಬಹುದು. ಸೋಪಿಲ್ಲ, ಒರೆಸುವುದಿಲ್ಲ. ನೀರು ತಾನಾಗಿ ಆರುತ್ತದೆ, ಉಪ್ಪಿಲ್ಲದ್ದರಿಂದ ಕಲೆ ಉಳಿಯುವುದಿಲ್ಲ. ಒಳ್ಳೆಯ ಉಪಾಯವೇ, ಸುಳ್ಳು ಹೇಳಬಾರದು. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಏಣಿಯಣ್ಣ ಕಂಡಿದ್ದ.

ಆದರೆ ಗಿರಾಕಿಗಳು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಅವರಿಗೆ ಬೇಕಾಗಿದ್ದವನು ಏಣಿಯಣ್ಣ. ಮಹಡಿಯ ಕಿಟಕಿ ಮುಚ್ಚಲು ಮರೆತಿದ್ದರೆ ಮುಚ್ಚುತ್ತಿದ್ದವನು, ಸೂರಿನಲ್ಲಿ ಸಿಕ್ಕಿಕೊಂಡ ಮಕ್ಕಳ ಚೆಂಡು ತೆಗೆದುಕೊಡುತ್ತಿದ್ದವನು ಅವನು. "ನಿಮ್ಮ ಕೈ ಬಿದ್ರೇನೇ ಗಾಜು ಗಾಜಾಗೋದು" ಎಂದು ಅವರು ಹೇಳಿದಾಗ ಏಣಿಯಣ್ಣ ಉಬ್ಬಿಹೋಗುತ್ತಿದ್ದ. ಆ ಮಾತನ್ನು ಹೋಗಿ ಅಳಿಯನಿಗೂ ಹೇಳುತ್ತಿದ್ದ, ನಗುತ್ತಾ.

ಆ ನಗುವಿನ ಬೆಲೆ ಏನೆಂದು ವಕೀಲರ ಮನೆಯ ಕೆಲಸದಿಂದ ಗೊತ್ತಾಯಿತು. ವಕೀಲರು ಹೇಗೋ ಕೋಲಿಗೆ ಒಪ್ಪಿದ್ದರು. ಅಳಿಯ ತೊಳೆದು ವ್ಯಾನಿಗೆ ಬರುವಷ್ಟರಲ್ಲಿ ಹಸಿ ಗಾಜು ಕಂಡು ವಕೀಲರಿಗೆ ಕೈ ತುರಿಸಿತು. "ಒರೆಸದೆ ಹೋದ್ರೆ ತೊಳೆದ ಹಾಗಾ?" ಎಂದು ಹಳೆಯ ಟವೆಲು ಹಿಡಿದು ಎಲ್ಲವನ್ನೂ ತಾವೇ ಒರೆಸಿ ಹಾಕಿದರು. ಟವೆಲಿನ ಎಣ್ಣೆ, ಧೂಳು ಗಾಜಿಗೆ ಹತ್ತಿತು. ಸಾಲದ್ದಕ್ಕೆ ಚೌಕಟ್ಟಿನ ಸಂದಿಗಳಲ್ಲಿ ಏಣಿಯಣ್ಣನ ಹಳೆಯ ಸೋಪು ಪದರ ಪದರವಾಗಿ ಕೂತಿತ್ತು. ಅದು ನೆನೆದು ಬಿಳಿ ಗೆರೆಯಾಗಿ ಇಳಿಯಿತು. ವಕೀಲರು ಬೀದಿಯಲ್ಲೇ ಅಳಿಯನ ಮಾನ ಹರಾಜು ಹಾಕಿದರು.

ಮರುದಿನ ಏಣಿಯಣ್ಣ ವ್ಯಾನಿನ ಹತ್ತಿರ ಹೋದಾಗ ಮಗಳು ಪೈಪು ಸುತ್ತುತ್ತಿದ್ದಳು, ಎಡಗೈಯಲ್ಲಿ. ಬಲಗೈಯ ಬೆರಳು ಊದಿಕೊಂಡು ಬಾಳೆಕಾಯಿಯಾಗಿದ್ದವು. ಕುತ್ತಿಗೆಯ ಹಿಂದೆ ಪೈಪಿನಷ್ಟೇ ದಪ್ಪದ ನೀಲಿ ಬರೆ.

"ಏನೇ ಪುಟ್ಟಿ ಇದು?"

ಅವಳು ಪೈಪು ಸುತ್ತುತ್ತಲೇ ಇದ್ದಳು. ಅಳಿಯನೇ ವ್ಯಾನಿನ ಹಿಂದಿನಿಂದ ಬಂದು ಹೇಳಿದ, ಮಳೆ ಬರಬಹುದು ಅನ್ನುವ ಧಾಟಿಯಲ್ಲಿ: "ನಿಮ್ಮ ಗಿರಾಕಿ ಬೇಡ ಅಂದ್ರೆ ನಂಗೆ ತಲೆ ಕೆಡುತ್ತೆ ಮಾವ. ತಲೆ ಕೆಟ್ರೆ ಕೈ ನಿಲ್ಲಲ್ಲ. ಸೋಪು ನಿಮ್ದು, ಗಿರಾಕಿ ನಿಮ್ಮೋರು. ನೀವೇ ಸರಿ ಮಾಡಿ."

ಅಲ್ಲೇ ಅವನ ಕತ್ತಿನ ಪಟ್ಟಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ತನಗೆ ತಾನೇ ಹೇಳಿಕೊಂಡ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂದೂ ಹೇಳಿಕೊಂಡ. ಹೇಡಿಗೆ ಬಚ್ಚಿಟ್ಟುಕೊಳ್ಳಲು ಗಾದೆಗಳಿಗೇನು ಬರ! ಅವನಿಗೆ ಅಳಿಯನ ಮೇಲೆ ಕೋಪಕ್ಕಿಂತ ಹೆಚ್ಚಾಗಿ ಭಯ ಬಂದಿತ್ತು. ಆ ಭಯಕ್ಕೆ ಅವನು ಜವಾಬ್ದಾರಿ ಎಂದು ಹೆಸರಿಟ್ಟುಕೊಂಡ. ಸರಿ ಮಾಡುತ್ತೇನೆ ಎಂದು ಹೊರಟ.

ಎಂಥ ಸರಿ ಮಾಡುವಿಕೆ ಅದು! ಬೆಳಗಾಗುತ್ತಲೇ ಅಳಿಯನಿಗಿಂತ ಮುಂಚೆ ಮನೆಮನೆಗೆ ಹೋಗಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಚೌಕಟ್ಟಿನ ಸಂದಿಗಳಿಂದ ತನ್ನದೇ ಸೋಪನ್ನು ಕೆರೆದು ತೆಗೆದ. ಒರೆಸಬೇಡಿ, ದಮ್ಮಯ್ಯ, ಆರುವ ತನಕ ಕಾಯಿರಿ ಎಂದು ಬೇಡಿದ. ಬೇಡಿದರೂ ಬಗ್ಗದವರ ಮನೆಯಲ್ಲಿ ಕೆಲಸ ಕೆಡಿಸಿದ. ದರ್ಜಿಯ ಗಾಜಿನ ಮೇಲೆ ಕೊಳಕು ನೀರು ಬಳಿದು ಬಿಟ್ಟ. ಮೇಷ್ಟರ ಮನೆಯ ಹೂಕುಂಡಗಳ ಮೇಲೆ ಏಣಿ ಕೆಡವಿದ. ಮೇಷ್ಟರ ತಮ್ಮ ಅವನನ್ನು ಗೇಟಿನ ತನಕ ಎಳೆದು ಹೊರಗೆ ನೂಕಿದ, ಮೊಣಕಾಲಿನ ಚರ್ಮ ಕಿತ್ತು ಬಂತು. ಊರಿಗೆಲ್ಲ ಬೇಕಾಗಿದ್ದವನು ಊರಿಗೆಲ್ಲ ಬೇಡವಾದ. ಒಬ್ಬೊಬ್ಬರು ಬೈದು ಕಳಿಸಿದಾಗಲೂ ಅವನಿಗೆ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು ಇಳಿದಂತಾಗುತ್ತಿತ್ತು. ಇವತ್ತಿಗೆ ಪುಟ್ಟಿ ಬಚಾವು.

ಬೇಕರಿಯೂ ಮುಗಿದ ಮೇಲೆ ಉಳಿದವರು ನರ್ಸಮ್ಮ ಒಬ್ಬರೇ.

ನರ್ಸಮ್ಮ ದೊಡ್ಡಾಸ್ಪತ್ರೆಯಲ್ಲಿ ದುಡಿದು ನಿವೃತ್ತಿಯಾದ ಹೆಂಗಸು. ಬೀದಿಯ ತುದಿಯ ಮೂರಂತಸ್ತಿನ ಮನೆಯಲ್ಲಿ ಒಂಟಿ. ಏಣಿಯಣ್ಣ ಬೇಕರಿಯಿಂದ ನೇರವಾಗಿ ಅಲ್ಲಿಗೇ ಹೋದ. ಹುಬ್ಬಿನಿಂದ ರಕ್ತ ಇನ್ನೂ ಜಿನುಗುತ್ತಿತ್ತು. ಅವರು ಅವನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಔಷಧಿ ಹಚ್ಚಿ, ಪಟ್ಟಿ ಅಂಟಿಸಿದರು.

"ದರ್ಜಿ ಹೇಳ್ದ, ಮೇಷ್ಟ್ರು ಹೇಳಿದ್ರು. ಈಗ ಬೇಕರಿ ಗಾಜು ಒಡೆದದ್ದು ಇಲ್ಲಿಗೇ ಕೇಳಿಸ್ತು. ನೀವು ಕೈ ತಪ್ಪೋ ಆಸಾಮಿ ಅಲ್ಲ ಏಣಿಯಣ್ಣ. ಬೇಕೂಂತ ಮಾಡ್ತಾ ಇದ್ದೀರ. ಯಾಕೆ?"

ಅವನು ಸುಳ್ಳು ಹುಡುಕಿದ. ಸಿಗಲಿಲ್ಲ. ಹೇಳಿಬಿಟ್ಟ: ಬೆರಳು, ಬರೆ, ಆಮೇಲೆ ಒಂದು ದಿನ ಸೀಳಿದ ತುಟಿ, ಮತ್ತೊಂದು ದಿನ ಕೂದಲು ಕಿತ್ತ ಜಾಗ. ಯಾವ ಗಿರಾಕಿ ಬೇಡ ಅಂದದ್ದಕ್ಕೆ ಯಾವ ಗಾಯ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ನರ್ಸಮ್ಮ ಕೇಳುತ್ತಾ ಕೇಳುತ್ತಾ ಔಷಧಿಯ ಬಾಟಲಿಯ ಮುಚ್ಚಳ ಹಾಕುವುದನ್ನೇ ಮರೆತರು.

"ಮೇಲೆ ಎರಡು ಕೋಣೆ ಖಾಲಿ ಬಿದ್ದಿವೆ. ಈಗ್ಲೇ ಹೋಗಿ ಅವಳನ್ನ ಕರ್ಕೊಂಡ್ ಬನ್ನಿ."

"ಅಷ್ಟೆಲ್ಲ ಬೇಡ ನರ್ಸಮ್ಮ. ಸಂಸಾರ ಒಡೆಯೋದು ಬೇಡ. ನೀವು ಕೋಲಿಗೆ ಹೂಂ ಅನ್ನಿ, ಸಾಕು. ನೀವೇ ಕೊನೆಯೋರು. ಆಮೇಲೆ ಅವನಿಗೆ ಹೊಡೆಯೋಕೆ ಕಾರಣಾನೇ ಇರಲ್ಲ."

"ನಿನಗೆ ಬೇಕಿರೋದು ಇಷ್ಟೇನಾ?" ಬಹುವಚನ ಬಿದ್ದುಹೋಗಿತ್ತು.

"ಇಷ್ಟೇ."

ನರ್ಸಮ್ಮ ಅವನನ್ನೇ ದಿಟ್ಟಿಸಿದರು. ಆಮೇಲೆ, "ಹೂಂ" ಅಂದರು. "ಅವರ ಮನೆ ಎಲ್ಲಿ?" ಎಂದೂ ಕೇಳಿದರು. ವ್ಯಾನು ಎಲ್ಲಿಗೆ ಬರಬೇಕೆಂದು ಹೇಳಿ ಕಳಿಸಲಿಕ್ಕಿರಬೇಕೆಂದು ಅವನು ವಿಳಾಸ ಹೇಳಿ, ಎದ್ದು ಓಡಿದ.

ಅವನ ವಯಸ್ಸಿನವರು ಹಾಗೆ ಓಡಬಾರದು. ತರಚಿಹೋದ ಮೊಣಕಾಲು ಎಳೆದುಕೊಂಡು, ಬೀದಿಯ ಜನ ತಿರುಗಿ ನೋಡುವಂತೆ ಓಡಿದ. ಅಳಿಯನ ಮನೆಯಂಗಳದಲ್ಲಿ ವ್ಯಾನು ನಿಂತಿತ್ತು, ಹಿಂಬಾಗಿಲು ತೆರೆದಿತ್ತು.

"ನರ್ಸಮ್ಮನೂ ಒಪ್ಪಿದ್ರು!" ಎಂದು ಗೇಟಿನಿಂದಲೇ ಕೂಗಿದ. "ಇನ್ನು ಯಾರೂ ಉಳಿದಿಲ್ಲ!"

ಅಳಿಯ ಹಿಂಬಾಗಿಲ ಬಳಿ ನೆಲದ ಮೇಲೆ ಕೂತು ಪೈಪಿನ ಕ್ಲಿಪ್ಪು ಬಿಗಿಯುತ್ತಿದ್ದ. ಅವನ ಕಾಲಿನ ಹತ್ತಿರ ಮಗಳು ಮಗ್ಗುಲಾಗಿ ಬಿದ್ದಿದ್ದಳು. ಕಿವಿಯಿಂದ ರಕ್ತ ಇಳಿದು ಕತ್ತಿನಲ್ಲಿ ಒಣಗುತ್ತಿತ್ತು. ಕೆಳದವಡೆ ಒಂದು ಕಡೆಗೆ ಜಾರಿತ್ತು.

"ಒಳ್ಳೇದಾಯ್ತು ಮಾವ," ಅಂದ ಅಳಿಯ.

"ಮತ್ತೆ... ಇದ್ಯಾಕೆ?"

"ಇದಾ? ಟ್ಯಾಂಕಿನ ಮುಚ್ಚಳ ತೆರೆದಿಟ್ಟಿದ್ಲು."

ಏಣಿಯಣ್ಣ ಟ್ಯಾಂಕು ನೋಡಿದ, ಮಗಳನ್ನು ನೋಡಿದ. ಊರಿನ ಗಿರಾಕಿಗಳೆಲ್ಲ ಒಪ್ಪಿದ ದಿನವೂ ಅವಳಿಗೆ ಏಟು ಬಿದ್ದಿತ್ತು. ಹಾಗಾದರೆ ಇವನಿಗೆ ಕಾರಣ ಬೇಕಾಗಿರಲೇ ಇಲ್ಲ. ಕಾರಣ ಬೇಕಾಗಿದ್ದದ್ದು ತನಗೆ. ಅಷ್ಟು ಹೊಳೆದದ್ದೇ ತಡ, ವ್ಯಾನಿಗೆ ಒರಗಿಸಿದ್ದ ನೀರಿನ ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಅಳಿಯನ ತಲೆಗೆ ಬೀಸಿದ.

ಕೋಲು ಲಟಕ್ಕನೆ ಮುರಿಯಿತು. ಅದು ಎಷ್ಟು ಹಗುರವೆಂದು ಅವನೇ ಮನೆಮನೆಗೆ ಹೋಗಿ ಹೊಗಳಿದ್ದನಲ್ಲ! ಅಳಿಯ ತಲೆ ಸವರಿಕೊಂಡು ಎದ್ದ. ಮೊದಲ ಗುದ್ದು ಹೊಟ್ಟೆಗೆ, ಎರಡನೆಯದು ಆಗಷ್ಟೇ ಪಟ್ಟಿ ಅಂಟಿಸಿದ ಹುಬ್ಬಿಗೆ. ಏಣಿಯಣ್ಣ ನೆಲಕ್ಕುರುಳಿದ. ಆಮೇಲೆ ಬೂಟಿನ ಒದೆ. ಒಂದು ಪಕ್ಕೆಲುಬು ಒಳಗೆ ಮುರಿದ ಸದ್ದು ಅವನಿಗೇ ಕೇಳಿಸಿತು. "ಕೋಲು ಮುರೀತೀಯಾ? ನನ್ನ ಕೋಲು ಮುರೀತೀಯಾ ಮುದುಕಾ?" ಮಾವ ಎನ್ನುವುದು ಎಲ್ಲಿ ಹೋಯಿತೋ! ಅಳಿಯನ ಬಾಯಿಂದ ಉಗುಳು ಸಿಡಿಯುತ್ತಿತ್ತು.

ಮಗಳು ಎದ್ದದ್ದನ್ನು ಇಬ್ಬರೂ ಕಾಣಲಿಲ್ಲ. ಅವಳ ಕೈಯಲ್ಲಿ ವ್ಯಾನಿನ ಚಕ್ರ ಬಿಚ್ಚುವ ಕಬ್ಬಿಣದ ಸ್ಪ್ಯಾನರು ಇತ್ತು. ಅವಳು ಕೂಗಲಿಲ್ಲ, ದವಡೆ ಆ ಸ್ಥಿತಿಯಲ್ಲಿ ಕೂಗಲು ಬರುತ್ತಲೂ ಇರಲಿಲ್ಲ. ಹಿಂದಿನಿಂದ ಗಂಡನ ಮೊಣಕಾಲಿಗೆ ಬೀಸಿದಳು. ಕಾಲು ಬಾಗಬಾರದ ಕಡೆಗೆ ಬಾಗಿತು. ಬಿದ್ದವನು ಬಲಗೈ ಊರಿ ಏಳಲು ನೋಡಿದ. ಊರಿದ ಕೈಯ ಮೇಲೆ ಮತ್ತೊಂದು ಏಟು. ಮತ್ತೊಂದು. ಬೆರಳುಗಳು ಬೆರಳಿನ ಆಕಾರ ಬಿಟ್ಟ ಮೇಲೂ ಇನ್ನೊಂದು. ಅವನು ಹಂದಿಯ ಹಾಗೆ ಕಿರುಚಿದ. ಸ್ಪ್ಯಾನರು ತಲೆಯ ಮೇಲಕ್ಕೂ ಎದ್ದಿತು. ಅಲ್ಲಿ ನಿಂತಿತು. ಅವಳ ಎದೆ ಏರಿಳಿಯುತ್ತಿತ್ತು. ಏನು ಅನಿಸಿತೋ, ಅದನ್ನು ಪಕ್ಕಕ್ಕೆ ಎಸೆದಳು.

ಏಣಿಯಣ್ಣ ಪಕ್ಕೆ ಹಿಡಿದುಕೊಂಡು ಎದ್ದು ಕೂತ. ಅಳುತ್ತಿದ್ದ. "ಬಾ ಪುಟ್ಟಿ, ಮನೆಗೆ ಹೋಗೋಣ."

ಅವಳು ದವಡೆಯನ್ನು ಅಂಗೈಯಲ್ಲಿ ಆನಿಸಿ ಹಿಡಿದುಕೊಂಡು, ಒಂದೊಂದೇ ಮಾತನ್ನು ಹೊರಗೆ ದಬ್ಬಿದಳು. "ನಿಂಗೆ ಗೊತ್ತಿತ್ತು ಅಪ್ಪ."

"ನಿನಗೋಸ್ಕರಾನೇ ಕಣೇ ಎಲ್ಲ ಮಾಡಿದ್ದು! ಒಂದೊಂದು ಬಾಗಿಲಿಗೂ ಹೋಗಿ ಕೈ ಮುಗಿದೆ. ಬೈಸಿಕೊಂಡೆ, ಏಟು ತಿಂದೆ..."

"ಊರ ಬಾಗಿಲೆಲ್ಲ ತಟ್ಟಿದೆ. ಈ ಬಾಗಿಲು ತಟ್ಟಲಿಲ್ಲ."

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ನರ್ಸಮ್ಮ ಕೈಯಲ್ಲಿ ಚೀಲ ಹಿಡಿದು, ಏದುಸಿರು ಬಿಡುತ್ತಾ ಒಳಗೆ ಬಂದರು. ಹೂಂ ಎಂದು ಕಳಿಸಿ ಸುಮ್ಮನೆ ಕೂರಲು ಅವರಿಂದ ಆಗಿರಲಿಲ್ಲ. ಅಂಗಳದಲ್ಲಿ ಬಿದ್ದ ಮೂವರ ರಕ್ತವನ್ನೂ ಒಮ್ಮೆ ನೋಡಿದರು. ಚೀಲದಿಂದ ಬಟ್ಟೆ ತೆಗೆದು ಹುಡುಗಿಯ ದವಡೆಯನ್ನು ತಲೆಗೆ ಸೇರಿಸಿ ಕಟ್ಟಿದರು. "ನಡಿ ಮಗಳೇ, ಮೊದಲು ಆಸ್ಪತ್ರೆ. ಆಮೇಲೆ ನಮ್ಮನೆ," ಎಂದು ಸೊಂಟಕ್ಕೆ ಕೈ ಕೊಟ್ಟು ನಡೆಸಿದರು.

ಏಣಿಯಣ್ಣ ಗೋಡೆ ಹಿಡಿದು ಹಿಂದೆ ಹೊರಟ. ಗೇಟಿನ ಹತ್ತಿರ ಮಗಳು ನಿಂತಳು. ಕಟ್ಟಿದ ಬಾಯಲ್ಲಿ ಮಾತು ಹೊರಡದು. ಅವನ ಎದೆಗೆ ಅಂಗೈ ಇಟ್ಟು ತಡೆದು, ನೆಲದ ಮೇಲೆ ನರಳುತ್ತಿದ್ದವನ ಕಡೆ ಬೆರಳು ತೋರಿಸಿದಳು. ನೀನು ಆರಿಸಿದವನು, ನೀನೇ ನೋಡಿಕೋ ಎಂದು ಬಾಯಿ ಬಿಟ್ಟು ಹೇಳಿದ್ದರೂ ಅದಕ್ಕಿಂತ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಅವರಿಬ್ಬರೂ ಬೀದಿಗಿಳಿದು ತಿರುವಿನಲ್ಲಿ ಮರೆಯಾದರು.

ಏಣಿಯಣ್ಣ ಅಂಗಳಕ್ಕೆ ಮರಳಿ ಮೆಟ್ಟಿಲ ಮೇಲೆ ಕೂತ. ಉಸಿರು ಎಳೆದಾಗಲೆಲ್ಲ ಪಕ್ಕೆಯಲ್ಲಿ ಚೂರಿ ಆಡಿಸಿದಂತಾಗುತ್ತಿತ್ತು.

"ಮಾವ," ಎಂದು ಅಳಿಯ ಗೊಣಗಿದ. "ನೀರು."

ಏಣಿಯಣ್ಣ ತಟಕ್ಕನೆ ಎದ್ದ. ಮೊಣಕಾಲು, ಪಕ್ಕೆ ಯಾವುದೂ ಅಡ್ಡ ಬರಲಿಲ್ಲ. ಒಳಗೆ ಹೋಗಿ ಲೋಟ ಹುಡುಕಿ, ನಲ್ಲಿ ತಿರುಗಿಸಿ, ತುಂಬಿಸಿಕೊಂಡು ಬಾಗಿಲ ತನಕ ಬಂದ. ಅಲ್ಲಿ ಅವನಿಗೆ ತನ್ನ ಕೈಯಲ್ಲಿದ್ದ ಲೋಟ ಕಾಣಿಸಿತು. ಮಗಳಿಗಾಗಿ ಅವನು ಇಷ್ಟು ಬೇಗ ಒಂದು ಸಲವೂ ಎದ್ದಿರಲಿಲ್ಲ.