ಒಳಗೆ ಪಾಲಿಶ್ ಇಲ್ಲದ ಪೆಟ್ಟಿಗೆ

ಹೆಂಡತಿ ತೀರಿಕೊಂಡ ವಾರದಲ್ಲೇ ಬಡಗಿ ಆ ಪೆಟ್ಟಿಗೆಗೆ ಕೈ ಹಚ್ಚಿದ್ದ. ವರ್ಷಗಟ್ಟಲೆ ಒಣಗಿಸಿಟ್ಟ ಕೆಂಪು ಸೀಡರ್ ಹಲಗೆಗಳನ್ನೇ ಆರಿಸಿದ. ಹಸಿಯಿದ್ದರೆ ಈ ಮರ ಅಂಟು ಸುರಿಸುತ್ತದೆ. ಚೆನ್ನಾಗಿ ಒಣಗಿದರೆ ಹಗುರ, ಉಳಿ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಅದರ ಘಾಟಿಗೆ ಉಣ್ಣೆ ತಿನ್ನುವ ನುಸಿ ಹತ್ತಿರ ಸುಳಿಯುವುದಿಲ್ಲ.

ಅದರೊಳಗೆ ಇಟ್ಟದ್ದು ಒಂದೇ, ಅವಳು ಕೊನೆಯವರೆಗೂ ಹೊದ್ದಿದ್ದ ಉಣ್ಣೆ ಶಾಲು. ಆಗ ತುಂಬು ಬಸುರಿಯಾಗಿ ಆಸ್ಪತ್ರೆಯ ಹಾಸಿಗೆ ಹಿಡಿದಿದ್ದ ಮಗಳು ಫೋನಿನಲ್ಲಿ ಬೇಡಿಕೊಂಡಿದ್ದಳು: “ಅಪ್ಪಾ, ಶಾಲು ಒಗೀಬೇಡ. ನಾ ಬರೋವರೆಗೂ ಅಮ್ಮನ ವಾಸನೆ ಹಾಗೇ ಇರ್ಲಿ.”

ಅಂದಿನಿಂದ ಅವನು ಮುಚ್ಚಳ ತೆರೆದಿರಲಿಲ್ಲ. ತೆರೆದರೆ ಎಲ್ಲಿ ಹಾರಿಹೋದೀತೋ ಎಂಬ ಹೆದರಿಕೆ.

ತಿಂಗಳುಗಳ ಮೇಲೆ ಬಂದ ಮಗಳು ಕೂಸನ್ನು ಅವನ ಕೈಗೆ ಹಾಕಿ ನೇರ ಪೆಟ್ಟಿಗೆಯ ಮುಂದೆ ಕೂತಳು.

“ಕನ್ನಡಿ ಥರ ಹೊಳೀತಿದೆಯಲ್ಲಪ್ಪಾ! ಅಮ್ಮನ ಕಪಾಟಿಗೆ ಮಾತ್ರ ಕೊನೇವರೆಗೂ ಬಾಗಿಲು ಹಾಕ್ಕೊಡ್ಲಿಲ್ಲ.”

“ಅವಳೂ ಅದನ್ನೇ ಆಡ್ಕೊಳೋಳು. ಊರಿಗೆಲ್ಲ ಕುರ್ಚಿ, ನಮಗೆ ಕುಂಟು ಸ್ಟೂಲು ಅಂತ.”

ನಗುತ್ತಲೇ ಮಗಳು ಮುಚ್ಚಳ ತೆರೆದು ಶಾಲಿನಲ್ಲಿ ಮುಖ ಹುದುಗಿಸಿದಳು. ಆಮೇಲೆ ಇನ್ನೊಂದು ಅಂಚು ಹಿಡಿದು ಮೂಸಿದಳು. ಆಮೇಲೆ ನಡುಭಾಗ.

“ಒಂದು ನುಸಿನೂ ಮುಟ್ಟಿಲ್ಲ, ನೋಡು,” ಎಂದ ಬಡಗಿ.

“ಅಪ್ಪಾ, ಇದು ನಿನ್ನ ವಾಸನೆ.”

“ನಂದಾ?”

“ನೀನು ಅಂಗಡಿಯಿಂದ ಬಂದಾಗ ಬರುತ್ತಲ್ಲ, ಆ ಮರದ ವಾಸನೆ. ಅಮ್ಮ ಇದ್ರಲ್ಲಿ ಇಲ್ಲ.”

ಅವನೂ ಮೂಸಿದ. ಏನೂ ತಿಳಿಯಲಿಲ್ಲ. ವರ್ಷಗಟ್ಟಲೆ ಅದೇ ಮರದ ಹೊಟ್ಟಿನಲ್ಲಿ ಉಸಿರಾಡಿದ ಮೂಗಿಗೆ ಸೀಡರ್ ಗೊತ್ತಾಗುವುದು ಎಂದೋ ನಿಂತುಹೋಗಿತ್ತು.

ಮಗಳು ಪೆಟ್ಟಿಗೆಯ ಒಳಗೋಡೆಯ ಮೇಲೆ ಕೈಯಾಡಿಸಿದಳು. “ಒಳಗ್ಯಾಕೆ ಪಾಲಿಶ್ ಹಾಕಿಲ್ಲ?”

ಗಿರಾಕಿಗಳಿಗೆಲ್ಲ ಹೇಳಿ ಹೇಳಿ ಬಾಯಿಪಾಠವಾದ ಉತ್ತರ ತಾನಾಗಿ ನಾಲಿಗೆಗೆ ಬಂತು. “ಒಳಗೆ ಹಾಕ್ಬಾರ್ದು ಮಗಳೇ. ಹಾಕ್ದೇ ಇದ್ರೇನೇ ಮರದ ವಾಸನೆ ಬಟ್ಟೆಗೆ ಹತ್ತಿ...”

ಮಾತು ಅಲ್ಲೇ ಕಚ್ಚಿಕೊಂಡಿತು. ಕೂಸು ಅವನ ಕಾಲರು ಚೀಪುತ್ತಿತ್ತು.

“ಬಿಸಿಲಿಗೆ ಹಾಕ್ಲಾ?” ಎಂದಳು ಮಗಳು, ಮೆಲ್ಲಗೆ.

“ಹಾಕಿದ್ರೆ ಮರದ್ದು ಹೋಗುತ್ತೆ.”

“ಅಮ್ಮಂದು?”

ಅವನು ಕೂಸನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡ. ಅವಳು ಶಾಲನ್ನು ತಾನೇ ಹೊದ್ದುಕೊಂಡು ಖಾಲಿ ಪೆಟ್ಟಿಗೆಯನ್ನು ಮುಚ್ಚಿದಳು. ಮುಚ್ಚಳ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ.