ತಳದಲ್ಲಿ ಉಳಿದ ನೀರು

ಹಸಿ ಉಣ್ಣೆಯ ವಾಸನೆ, ಮಳೆಯಲ್ಲಿ ನೆನೆದ ಕೋಟುಗಳೆಲ್ಲ ಈ ಡಾರ್ಮ್‌ಸ್ಟಾಟ್‌ನ ವೀಸಾ ಕಚೇರಿಯ ಬೆಂಚುಗಳ ಮೇಲೆ ಕೂತು ಒಣಗುತ್ತಿವೆ, ನಮ್ಮ ಕುರಿಹಟ್ಟಿಯೂ ಮೊದಲ ಮಳೆಗೆ ಹೀಗೇ ನಾರುತ್ತಿತ್ತು — ಗೋಡೆಯ ಮೇಲೆ ಕೆಂಪು ಅಂಕಿ ಬದಲಾಯಿತು, ನಮ್ಮದಲ್ಲ, ಪಕ್ಕದಲ್ಲಿ ಫಾತ್ಮಾತಾ ಕೈಚೀಲವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಬಸ್ಸಿಗೆ ಕಾಯುವವಳ ಹಾಗೆ ಕೂತಿದ್ದಾಳೆ, ನಮ್ಮ ಕೆಳಮನೆಯವಳು, ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವಾಗ ಪರಿಚಯವಾದವಳು, ಸಿಯೆರಾ ಲಿಯೋನ್‌ನಿಂದ ಓಡಿಬಂದವಳು, ನೀನು ಜೊತೆಗಿದ್ದರೆ ಸಾಕು ಕೀರ್ತಿ, ಮಾತು ನಾನೇ ಆಡುತ್ತೇನೆ, ಎಂದಿದ್ದಳು, ಬೆಳಿಗ್ಗೆ ನನ್ನ ಗಂಡ ಬಸವ ಬೂಟು ಹಾಕಿಕೊಳ್ಳುತ್ತ — ಈ ದೇಶದಾಗ ಇರಾಕ ನಮ್ಮ ಗ್ರೀನ್ ಕಾರ್ಡೇ ಐದು ವರ್ಷದ್ದು, ನೀ ಆಕಿಗೆ ವಕೀಲಕಿ ಮಾಡಾಕ ಹೊಂಟೀಯೇನ — ನಕ್ಕ, ನಗಲಿ, ಅವನ ಕಂಪ್ಯೂಟರಿಗೆ ಹೌದು ಇಲ್ಲ ಎರಡೇ ಉತ್ತರ, ಇವಳನ್ನೂ ಇವತ್ತು ಅಷ್ಟೇ ಕೇಳುತ್ತಾರೆ, ಯುದ್ಧ ಮುಗಿದಿದೆ, ಚುನಾವಣೆ ಆಗಿದೆ, ನೀನಾಗಿಯೇ ಊರಿಗೆ ಹೋಗುತ್ತೀಯಾ ಇಲ್ಲವಾ, ಅವಳ ಪಕ್ಕದಲ್ಲಿ ಪ್ಲಾಸ್ಟಿಕ್ ಲೋಟ, ಕುಡಿದು ಇಟ್ಟದ್ದು, ತಳದಲ್ಲಿ ಒಂದು ಗುಟುಕು ನೀರು, ಅದನ್ನು ನೋಡಬಾರದು, ನೋಡಿದರೆ ಆ ತಂಬಿಗೆ.

ಅವರ ದೇಶದ ಚುನಾವಣೆಯ ದಿನ, ಮೇ ತಿಂಗಳಲ್ಲಿ, ಫಾತ್ಮಾತಾ ಊರಿನಲ್ಲಿದ್ದ ತಾಯಿಗೆ ಫೋನು ಮಾಡಿ ಫೋನ್ ಬೂತಿನಿಂದ ಹೊರಬಂದು ಗೋಡೆಗೆ ಒರಗಿ ನಿಂತಿದ್ದಳು, ಗಲಾಟೆ ಇಲ್ಲವಂತೆ, ನೀಲಿ ಟೊಪ್ಪಿಗೆಯ ಶಾಂತಿಪಡೆಯವರು ಮುದುಕಿಯರನ್ನು ನೆರಳಿಗೆ ಕೂರಿಸಿದರಂತೆ, ಅದೇ ಸಾಲಿನಲ್ಲಿ ಅವನೂ ನಿಂತಿದ್ದನಂತೆ, ಇವಳ ಗಂಡನನ್ನು ಕೊಂದವನು, ಬಂದೂಕು ಒಪ್ಪಿಸಿ ಮಾಫಿ ಪಡೆದು ಈಗ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ನೀರಿನ ಪಂಪಿಗೆ ಅವನ ಅಂಗಡಿಯ ಮುಂದೆಯೇ ಹೋಗಬೇಕು — ಅಬುಜಾ ಎಂಬಲ್ಲಿ ನೆರೆಯ ದೇಶಗಳವರು ಕೂತು ಯುದ್ಧ ನಿಲ್ಲಿಸಲು ಎರಡೂ ಕಡೆಯವರನ್ನು ಒಪ್ಪಿಸಿದ್ದಂತೆ, ಅವರಿಗೇನು ಉಸಾಬರಿ ಎಂದೆ, ಬೆಂಕಿ ಹತ್ತಿದರೆ ಅವರ ಹುಲ್ಲೂ ಸುಡುತ್ತದಲ್ಲ ಎಂದಳು, ಆಗ ನೆನಪಾದವನು ಬಾಳಪ್ಪಜ್ಜ, ನಮ್ಮೂರ ಬದಿಯ ಊರಿನ ಹಿರಿಯ, ಅಂದು ನಮ್ಮ ಕಟ್ಟೆಯಲ್ಲಿ ಕಂಬಳಿಯ ಮೇಲೆ ಕೂತು — ನಿಮ್ಮೂರ ಹಿರೇರು ಆ ಕಡಿ ಇಲ್ಲಾ ಈ ಕಡಿ ಆಗ್ಯಾರ, ಅದಕ್ಕ ನಾವು ಬಂದೇವಿ, ನಮ್ಮ ದನಾನೂ ನಿಮ್ಮ ಹಳ್ಳದಾಗ ನೀರು ಕುಡೀತಾವ — ಹೊಲದ ಒಡ್ಡಿನ ಜಗಳದಲ್ಲಿ ನನ್ನ ಕಾಕಾನನ್ನು ಕೊಂದವನು ಜೈಲು ಮುಗಿಸಿ ಬಂದಿದ್ದ, ಎರಡು ಮನೆತನಕ್ಕೆ ಒಂದೇ ಬಾವಿ, ಕೊಡ ಹಿಡಿದು ಹೋಗಲು ಮಕ್ಕಳು ನಾವು ಹೆದರುತ್ತಿದ್ದೆವು, ಕಾಕಾನ ಹೆಂಡತಿ, ಊರಿಗೆಲ್ಲ ಗೌರಕ್ಕ, ತನ್ನ ಕೈಯಿಂದ ಅವನಿಗೆ ಒಂದು ತಂಬಿಗೆ ನೀರು ಕೊಟ್ಟರೆ ನ್ಯಾಯ ಮುಗಿಯಿತು ಎಂದಿದ್ದರು ಆ ಹಿರಿಯರು, ಗೌರಕ್ಕ ಎದ್ದಿರಲಿಲ್ಲ, ನೆರಳು ಕಟ್ಟೆ ಇಳಿದು ಹೋಗಿತ್ತು, ಬಾಳಪ್ಪಜ್ಜ ಅವಸರ ಮಾಡದೆ — ಮರತುಬಿಡು ಅಂತ ನಾವು ಹೇಳೂದಿಲ್ಲ ತಂಗಿ, ಕೊಡು ಅಂತೀವಿ, ಅಷ್ಟ.

ಕೊಟ್ಟಳು, ಇಷ್ಟನ್ನು ಬಟ್ಟೆ ಹಿಂಡುತ್ತ ಫಾತ್ಮಾತಾಗೆ ಹೇಳಿದ್ದೆ, ಇಲ್ಲಿಗೇ ನಿಲ್ಲಿಸಿದ್ದೆ, ಈಗ ಅಂಕಿಯಿಂದ ಕಣ್ಣು ತೆಗೆಯದೆ ಕೇಳುತ್ತಿದ್ದಾಳೆ, ಆಮೇಲೆ ನಿನ್ನ ಚಿಕ್ಕಮ್ಮ ಏನು ಮಾಡಿದಳು, ಅವನು ಕುಡಿದ, ಅರ್ಧ ಎದೆಯ ಮೇಲೆ ಚೆಲ್ಲಿಕೊಂಡ, ಮರುದಿನದಿಂದ ನಾವು ಬಾವಿಗೆ ಹೋದೆವು, ಅದೇ ನೀರು ಕುಡಿದು ಬೆಳೆದೆ, ಎಂದೆ, ಅದು ಬೇಡ, ಅವಳು ಏನು ಮಾಡಿದಳು ಹೇಳು, ಎಂದಳು — ತಂಬಿಗೆ ತಿರುಗಿ ಅವಳ ಕೈಗೆ ಬಂತು, ತಳದಲ್ಲಿ ಒಂದು ಗುಟುಕು ಉಳಿದಿತ್ತು, ಕುಡಿಯಲಿಲ್ಲ, ಚೆಲ್ಲಲೂ ಇಲ್ಲ, ಹಾಗೇ ಹಿಡಿದುಕೊಂಡು ಒಳಗೆ ಹೋದಳು, ಎಂದೆ, ಚೆಲ್ಲಲಿಲ್ಲ ಅಲ್ಲವಾ, ಎಂದು ಫಾತ್ಮಾತಾ ತಲೆಯಾಡಿಸಿದಳು, ಬಹಳ ಹೊತ್ತು, ಅಂಕಿ ಬದಲಾಯಿತು, ನಮ್ಮದು, ಎದ್ದು ಹೋದಳು, ನಾನು ಎರಡು ಹೆಜ್ಜೆ ಹಿಂದೆ, ಗಾಜಿನಾಚೆಯ ಹೆಂಗಸು ನಿಧಾನವಾಗಿ ಕೇಳಿದಳು, ನಿಮ್ಮ ಇಚ್ಛೆಯಿಂದಲೇ ಹೋಗುತ್ತೀರಾ, ಯಾ, ಹೌದು ಎಂದಳು, ಅದೇ ಊರಿಗಾ, ಯಾ, ಪೆನ್ನು ತೆಗೆದುಕೊಂಡು ಸಹಿ ಹಾಕಿದಳು, ಗೌರಕ್ಕ ಒಳಗೆ ಹೋಗುವ ಮುನ್ನ ಬಾಗಿಲ ಹೊಸ್ತಿಲಲ್ಲಿ ಒಮ್ಮೆ ನಿಂತಿದ್ದಳು, ನಮ್ಮೆಲ್ಲರಿಗೆ ಬೆನ್ನು, ಕೈಯಲ್ಲಿ ತಂಬಿಗೆ, ತಳದಲ್ಲಿ ಆ ಒಂದು ಗುಟುಕು ನೀರು