ಕುತ್ತಿಗೆಯಿಂದ ಕೆಳಗಿನ ದೊರೆಸಾನಿ

ತಮ್ಮ ಚಿತ್ರ ಬರೆಸಿಕೊಳ್ಳಲು ಗಂಟೆಗಟ್ಟಲೆ ಅಲುಗದೆ ಕೂರುವ ತಾಳ್ಮೆ ದೊರೆಸಾನಿಗೆ ಇರಲಿಲ್ಲ. ಮುಖ ಮುಗಿಯುವವರೆಗೆ ಕೂತು ಎದ್ದುಬಿಟ್ಟರು. ಉಳಿದ ಮೈಗೆ ಅವರ ಬಟ್ಟೆ ಹೊಲಿಯುವವಳನ್ನೇ ಕರೆಸಿದರು. ಇಬ್ಬರದೂ ಒಂದೇ ಮೈಕಟ್ಟು. ತಾನೇ ಹೊಲಿದ ರೇಷ್ಮೆ ನಿಲುವಂಗಿಯನ್ನು ತೊಟ್ಟು ಅವಳು ಎತ್ತರದ ಕುರ್ಚಿಯಲ್ಲಿ ಕೂತಳು. ಅಡುಗೆಯವಳು ಬಾಗಿಲಲ್ಲಿ ಇಣುಕಿ ಕಾಲೆಳೆದಳು: "ಏನ್ರೀ, ಕುತ್ತಿಗೆಯಿಂದ ಕೆಳಗಿನ ದೊರೆಸಾನಿಯವರೇ, ಊಟ ಇಲ್ಲಿಗೇ ತರ್ಲಾ?"

ಚಿತ್ರಗಾರ ಮುದುಕ, ಮಾತು ಕಮ್ಮಿ. ಅವನಿಗೆ ತಲೆನೋವಾದದ್ದು ಅವಳ ಕೈಗಳು. ತೊಡೆಯ ಮೇಲಿಟ್ಟರೂ ಸುಮ್ಮನಿರದೆ ಬಟ್ಟೆಯ ಅಂಚು ಮಡಿಸುತ್ತಿದ್ದವು. ಒಡವೆಯನ್ನು ಯಾರು ಬೇಕಾದರೂ ಎರವಲು ತಂದು ಹಾಕಿಕೊಳ್ಳಬಹುದು, ದೊಡ್ಡ ಮನೆತನ ಕಾಣುವುದು ಕೈಯಲ್ಲಿ ಎಂದ.

"ಕೈಗೆ ಯಾವ ಕೆಲಸಾನೂ ಇಲ್ಲ ಅನ್ಕೋಮ್ಮ. ಇವತ್ತೂ ಇಲ್ಲ, ನಾಳೆನೂ ಇಲ್ಲ."

ಅದು ಹೊಲಿಗೆಗಿಂತ ಕಷ್ಟವಾಯಿತು. ಆದರೂ ಕಲಿತಳು. ಗಂಡ ಬಿಟ್ಟುಹೋದ ಮೇಲೆ ಯಾರೂ ಅವಳನ್ನು ಇಷ್ಟು ಹೊತ್ತು ನೋಡಿರಲಿಲ್ಲ. ಅವಳದೊಂದು ಫೋಟೋ ಕೂಡ ಎಲ್ಲೂ ಇರಲಿಲ್ಲ. ಒಂದು ದಿನ ಚಿತ್ರದಲ್ಲಿ ತನ್ನ ಕೈ ಕಂಡಳು, ಸೂಜಿ ಒತ್ತಿ ಒತ್ತಿ ಸೊಟ್ಟಗಾದ ತೋರುಬೆರಳಿನ ಸಮೇತ. ಮುದುಕ ಏನನ್ನೂ ತಿದ್ದಿರಲಿಲ್ಲ. ತಾನು ಸತ್ತ ಮೇಲೂ ಇಷ್ಟು ಉಳಿದರೆ ಸಾಕು ಅನ್ನಿಸಿತು.

ದೊರೆಸಾನಿ ಬಂದು ನೋಡಿದರು. ಮುಖದ ಬಿಗುವು ಹಿಡಿಸಿತು. ಆಮೇಲೆ ತಮ್ಮ ನುಣುಪಾದ ಬೆರಳುಗಳನ್ನು ಚಿತ್ರದ ಪಕ್ಕಕ್ಕೆ ಹಿಡಿದರು.

"ಇದು ದುಡಿಯೋರ ಕೈ. ಮುಚ್ಚಿಬಿಡಿ."

ಯಾರ ಕೈ ಎಂದು ಕೇಳಲಿಲ್ಲ. ಅವಳು ನಿಲುವಂಗಿಯನ್ನು ಮಡಿಸಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಕೈಗವಸು ಬರೆದರಾಯಿತು ಎಂದ ಮುದುಕ. ಆದರೆ ಕಣ್ಣೆದುರಿಗೆ ಇಲ್ಲದ್ದನ್ನು ಅವನು ಬರೆಯುತ್ತಿರಲಿಲ್ಲ. ಹೊಲಿಯುವ ಕೆಲಸ ಅವಳಿಗೇ ಬಂತು. ಅವಳು ದೊರೆಸಾನಿಯ ಅಳತೆ ಕೇಳಲು ಹೋಗಲಿಲ್ಲ. ತನ್ನ ಕೈಯನ್ನೇ ಬಿಳಿ ಸ್ಯಾಟಿನ್ ಮೇಲಿಟ್ಟು, ಸೊಟ್ಟ ಬೆರಳಿನ ಸುತ್ತ ಸೊಟ್ಟಗೇ ಸೀಮೆಸುಣ್ಣ ಎಳೆದಳು. ತೊಟ್ಟು ಕೂತಾಗ ಮುದುಕ ಬೆರಳು ನೋಡಿದ, ಅವಳ ಮುಖ ನೋಡಿದ, ಕುಂಚ ಅದ್ದಿದ.

ಚಿತ್ರ ದೊಡ್ಡ ಹಜಾರದ ಗೋಡೆ ಏರಿತು. ಕೈಗವಸು ಬಂದ ಮೇಲೆ ಕೈಯನ್ನು ಯಾರೂ ನೋಡಲಿಲ್ಲ. ಅವಳು ಹೊಲಿದ ಪರದೆಗಳನ್ನು ಒಪ್ಪಿಸಲು ಹೋದ ದಿನ ನೆಂಟರೊಬ್ಬರು ಚಿತ್ರದ ಮುಂದೆ ನಿಂತು, ಮುಖದಲ್ಲಿ ಎಂಥ ಗತ್ತು ಅನ್ನುತ್ತಿದ್ದರು. ಬಿಳಿ ಬಟ್ಟೆಯೊಳಗೆ ತೋರುಬೆರಳು ಸೊಟ್ಟಗೇ ಇತ್ತು. ಅಗೋ ನನ್ನ ಕೈ ಅಂತ ತೋರಿಸಲು ಅವಳಿಗೆ ಯಾರೂ ಇರಲಿಲ್ಲ. ಪರದೆ ಕೊಟ್ಟು ಹಿತ್ತಲ ಬಾಗಿಲಿಂದ ಹೊರಟಳು.